ರೋಬೋ ಅಂದರೆ ಜೀತದಾಳು

ಚನ್ನಪಟ್ಟಣದ ಬೊಂಬೆ ಮಾತಾಡಲ್ಲ. ಹಾಲೆಮರದ ತುಂಡನ್ನು ತಿರುಗಣಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಕೂರಿಸಿದರೆ ಕೂತಿರುತ್ತೆ. ಅದು ಒಂದು ದಿನ ಎದ್ದು ನಿಂತು 'ನನ್ನ ಕೂಲಿ ಎಲ್ಲಿ?' ಅಂತ ಕೇಳಿದರೆ? ವಿಜ್ಞಾನ ಕಥೆಯ ಬೇರು ಈ ಪ್ರಶ್ನೆಯಲ್ಲಿದೆ. ನಾವೋ ಅದನ್ನು ಹುಡುಗರ ಓದು ಅಂತ ಪಕ್ಕಕ್ಕಿಟ್ಟುಬಿಟ್ಟಿದ್ದೇವೆ.

'ರೋಬೋಟ್' ಪದ ಬಂದದ್ದು ಜೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಿಂದ. ಪದ ಸೂಚಿಸಿದವನು ಅವನ ಅಣ್ಣ ಯೋಸೆಫ್. ಅವರ ನುಡಿಯಲ್ಲಿ 'ರೊಬೊಟಾ' ಅಂದರೆ ಒಡೆಯನ ಹೊಲದಲ್ಲಿ ಒಕ್ಕಲು ಮಾಡಲೇಬೇಕಿದ್ದ ಬಿಟ್ಟಿ ಚಾಕರಿ. ಅಲ್ಲಿ ಆ ಬಿಟ್ಟಿ ರದ್ದಾದದ್ದು 1848ರಲ್ಲಿ. ನಮ್ಮಲ್ಲಿ ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ನಾಟಕದಲ್ಲಿ ರೋಬೋಗಳು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಂದು ಒಬ್ಬನನ್ನು ಮಾತ್ರ ಉಳಿಸುತ್ತವೆ. ಯಾಕೆ? ಅವನೂ ತಮ್ಮ ಹಾಗೆ ಕೈಯಿಂದ ದುಡಿಯೋನು ಅಂತ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮವ್ವ ರಾಮನಗರದ ಒಂದು ಫಿಲೇಚರಿನಲ್ಲಿ ನೂಲು ಬಿಚ್ಚಿದವಳು. ಕುದಿಯೋ ನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಬೆಂದಿದ್ದವು. ಅವಳನ್ನು ಯಾರೂ ರೋಬೋ ಅನ್ನಲಿಲ್ಲ. 'ಕೈ' ಅಂತಿದ್ದರು. 'ನಾಳೆ ಎರಡು ಕೈ ಜಾಸ್ತಿ ಬೇಕು' ಅಂತ.

ಈಗ ನಮ್ಮ ಸಿನಿಮಾ ನೋಡಿ. 2002ರಲ್ಲಿ ಉಪೇಂದ್ರ ನಟಿಸಿ ದಿನೇಶ್ ಬಾಬು ನಿರ್ದೇಶಿಸಿದ 'ಹಾಲಿವುಡ್' ಬಂತು. ತಮಿಳಿನ 'ಎಂದಿರನ್'ಗಿಂತ ಎಂಟು ವರ್ಷ ಮೊದಲೇ ಕನ್ನಡಕ್ಕೆ ರೋಬೋ ತಂದ ಧೈರ್ಯ ಸಣ್ಣದಲ್ಲ. ಆದರೆ ಅಲ್ಲಿ ರೋಬೋ ಕೇಳೋದು ಹುಡುಗಿಯ ಪ್ರೀತಿಯನ್ನು. ದುಡಿಮೆಯ ಮಾತಿಗೆ ಜಾಗವಿಲ್ಲ. ಚಾಪೆಕ್‌ನ ಆಳು ನಮ್ಮ ತೆರೆಗೆ ಬರೋ ಹೊತ್ತಿಗೆ ಹೀರೋ ಆಗಿಬಿಟ್ಟಿದ್ದ.

ಇದಕ್ಕಿಂತ ಹತ್ತಿರದ ದಾರಿ ತೋರಿಸಿದ್ದು ತೇಜಸ್ವಿಯವರ 'ಕರ್ವಾಲೋ' (1980). ಅದು ಭವಿಷ್ಯದ ಕತೆಯಲ್ಲ, ಯಂತ್ರದ ಕತೆಯೂ ಅಲ್ಲ. ಆದರೆ ಊರು ದಡ್ಡ ಅಂದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಜ್ಞಾನಿಯನ್ನು ಕಾಣುತ್ತಾರೆ. ಹಾರುವ ಓತಿಯ ಗುಟ್ಟು ಗೊತ್ತಿದ್ದದ್ದು ಕಾಡು ಬಲ್ಲ ಅವನಿಗೇ. ವಿಜ್ಞಾನ ಯಾರ ತಲೆಯಲ್ಲಿದೆ ಅನ್ನೋ ಪ್ರಶ್ನೆಯನ್ನು ಕನ್ನಡ ಅಲ್ಲಿ ಎತ್ತಿತು. ಅದು ಕೇರಿಯವರೆಗೂ ಇನ್ನೂ ಬಂದಿಲ್ಲ, ಅಷ್ಟೆ.

ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ತನ್ನ ಕೇರಿಯಿಂದಲೇ ಬರೆದಳು. ಅವಳ ತಾಯಿ ಮನೆಗೆಲಸದಾಕೆ. 1979ರ 'ಕಿಂಡ್ರೆಡ್' ಕಾದಂಬರಿಯಲ್ಲಿ 1976ರ ಹೆಣ್ಣೊಬ್ಬಳು ಗುಲಾಮರ ಕಾಲಕ್ಕೆ ಎಳೆದೊಯ್ಯಲ್ಪಡುತ್ತಾಳೆ. ವಾಪಸು ಬರುವಾಗ ಒಂದು ತೋಳೇ ಹೋಗಿರುತ್ತೆ. ನಮಗೆ ಆ ಪ್ರಯಾಣಕ್ಕೆ ಯಾವ ಮಾಯವೂ ಬೇಡ. ಬಸ್ಸಿಳಿದು ಊರು ದಾಟಿ ಕೇರಿಗೆ ನಡೆದರೆ ಸಾಕು.

ರಾಮನಗರಕ್ಕೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದಿವೆ. ಬೆರಳು ಬೇಯಲ್ಲ, ಒಳ್ಳೇದೇ. ಯಂತ್ರವನ್ನು ಶಪಿಸೋದು ನಮ್ಮ ದಾರಿಯಲ್ಲ. ಕೇಡು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರ ಸ್ವತ್ತು ಮಾಡಿದ ಸಮಾಜದ್ದು ಅಂತ ಅಂಬೇಡ್ಕರ್ 1945ರಲ್ಲೇ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ ಪುಸ್ತಕದಲ್ಲಿ, ವಾದಿಸಿದ್ದರು. ಉಳಿದ ಪ್ರಶ್ನೆ ಇಷ್ಟೆ: ಯಂತ್ರ ಉಳಿಸಿದ ಹೊತ್ತು ಯಾರದು? ಅವ್ವನದಾ, ಯಜಮಾನನದಾ?

ಮಾಗಡಿ, ಕನಕಪುರದ ಮೇಷ್ಟರುಗಳೇ, ನಿಮ್ಮ ಹುಡುಗರಿಂದ ಈ ಕತೆ ಬರೆಸಿ. ರಾಕೆಟ್ಟು ಇರಲಿ, ಇಲ್ಲದಿರಲಿ. 2076ಕ್ಕೆ ಜೀತದ ಕಾಯಿದೆಗೆ ನೂರು ವರ್ಷ. ಅವತ್ತು ಬೆಳಗ್ಗೆ ತಮ್ಮ ಕೇರಿಯಲ್ಲಿ ಯಾರು ಎಷ್ಟೊತ್ತಿಗೆ ಎದ್ದು ಯಾರ ಕೆಲಸಕ್ಕೆ ಹೋಗ್ತಾರೆ ಅಂತ ಅವರು ಬರೆಯಲಿ.