ಆಳು ಯಾವ ಸಾಲಿನಲ್ಲಿದ್ದಾನೆ?

ಅಲ್ಜೀರಿಯಾದ ಝರಾಯಿಯಲ್ಲಿ ಸಿಕ್ಕ ಲ್ಯಾಟಿನ್ ಶಾಸನವೊಂದಿದೆ. ಕ್ರಿ.ಶ. 202ರದು, ಪೂರ್ತಿ ಸುಂಕದ ದರಪಟ್ಟಿ. ಗುಲಾಮನೊಬ್ಬನಿಗೆ ಒಂದೂವರೆ ದಿನಾರಿಯಸ್. ಕುದುರೆಗೂ ಅಷ್ಟೇ, ಹೇಸರಗತ್ತೆಗೂ ಅಷ್ಟೇ. ಕತ್ತೆ, ಎತ್ತುಗಳಿಗೆ ಅರ್ಧ ದಿನಾರಿಯಸ್. ಮುಂದಿನ ಸಾಲುಗಳಲ್ಲಿ ಬಟ್ಟೆ, ಚರ್ಮ.

ಇದನ್ನೇ ಮನೆಯಾಳಿನ ತೆರಿಗೆಗೆ ಹಳೇ ಸಾಕ್ಷಿ ಅಂತ ಉದಾಹರಿಸುವ ಆಸೆ ಯಾರಿಗಾದರೂ ಆದೀತು. ನಾನು ಒಪ್ಪಲ್ಲ. ಇದು ಸರಕು ಹಾದುಹೋಗುವಾಗ ಕಟ್ಟುವ ಸುಂಕ. ಗುಲಾಮ ಇಲ್ಲಿ ಸರಕು. ಸಂಬಳಕ್ಕೆ ಆಳಿಟ್ಟುಕೊಂಡ ಮನೆಯಿಂದ ವರ್ಷವರ್ಷ ವಸೂಲಿ ಮಾಡಿದ್ದು ನೋಡಬೇಕೆಂದರೆ ಬ್ರಿಟನ್ನಿಗೆ ಬರಬೇಕು. ಅಮೆರಿಕದ ಯುದ್ಧಕ್ಕೆ ದುಡ್ಡು ಸಾಲದೆ, 1777ರಲ್ಲಿ ಲಾರ್ಡ್ ನಾರ್ತ್ ಗಂಡಾಳೊಬ್ಬನಿಗೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್ ಹಾಕಿದ. ಬಟ್ಲರ್, ಸಾರಥಿ, ಕುದುರೆ ಲಾಯದವನು, ತೋಟಗಾರ ಲೆಕ್ಕಕ್ಕೆ ಬರುತ್ತಿದ್ದರು; ಹೊಲದ ಆಳು ಬರುತ್ತಿರಲಿಲ್ಲ. ಬೆಳಿಗ್ಗೆ ಕುದುರೆ ತಿಕ್ಕಿ ಮಧ್ಯಾಹ್ನ ಹೊಲಕ್ಕೆ ಹೋಗುವವನು ಯಾವ ಲೆಕ್ಕ? ಇಂಥ ತಕರಾರು ಮೇಲ್ಮನವಿಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಈ ಪಟ್ಟಿಗಳನ್ನು ಆಳುಗಳ ಜನಗಣತಿ ಎಂದು ಎಣಿಸಿದರೆ ಎಡವಿದಂತೆಯೇ.

ಆಡಂ ಸ್ಮಿತ್ ಈ ತೆರಿಗೆಯ ಬಗ್ಗೆ ಹೇಳಿದ್ದು ಅರ್ಧ ಸರಿ. ವರ್ಷಕ್ಕೆ 200 ಪೌಂಡ್ ವರಮಾನದವನು ಒಬ್ಬ ಆಳಿಡಬಹುದು, 10,000 ಪೌಂಡಿನವನು ಐವತ್ತು ಆಳಿಡಲ್ಲ. ಆದ್ದರಿಂದ ಭಾರ ಮಧ್ಯಮದವರ ಮೇಲೆ, ಬಡವರಿಗೆ ತಟ್ಟಲ್ಲ ಅನ್ನುತ್ತಾನೆ. ಲೆಕ್ಕ ಚೊಕ್ಕವಾಗಿದೆ. ಆದರೆ ಕಟ್ಟುವವನ ಜೇಬಷ್ಟೇ ಅವನ ಕಣ್ಣಿಗೆ ಬಿದ್ದಿದ್ದು. ತೆರಿಗೆ ಉಳಿಸಲು ಕೆಲಸದಿಂದ ತೆಗೆಸಿಕೊಳ್ಳಬಹುದಾದವನು ಬಡವನಲ್ಲವೆ? ನಮ್ಮ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಓದಿದವರಿಗೆ ಇದು ಹೊಸದಲ್ಲ: ಹೆಸರು ಗಾಣದ್ದು, ಕೊಡೋನು ಗಾಣಿಗ. ಬ್ರಿಟನ್ನಿನಲ್ಲಿ ಹೆಸರು ಆಳಿನದು, ಕೊಡೋನು ಯಜಮಾನ, ಹೋಗೋದು ಯಾರ ಅನ್ನ ಅಂತ ಪಟ್ಟಿ ಹೇಳಲ್ಲ.

1785ರಲ್ಲಿ ಕಿರಿಯ ಪಿಟ್ ಹೆಣ್ಣಾಳುಗಳನ್ನೂ ಸೇರಿಸಿದ. ಸಂಖ್ಯೆ ಹೆಚ್ಚಿದಂತೆ ದರ ಏರುತ್ತಿತ್ತು, ಮದುವೆಯಾಗದ ಯಜಮಾನ ಇನ್ನೂ ಹೆಚ್ಚು ಕೊಡಬೇಕಿತ್ತು (ಆ ಅನುಮಾನಕ್ಕೊಂದು ದರ!). ಇಲ್ಲಿ ಸ್ಮಿತ್‌ನ ಮಾತು ಇನ್ನಷ್ಟು ಸಡಿಲವಾಗುತ್ತದೆ. ಒಬ್ಬಳೇ ಕೆಲಸದವಳಿರುವ ಮನೆ ದೊಡ್ಡ ಮನೆಯೇನಲ್ಲ. 1792ರಲ್ಲಿ ಪಿಟ್ ತಾನೇ ಇದನ್ನು ಕೈಬಿಟ್ಟ. ಜೊತೆಗೆ ಏಳಕ್ಕಿಂತ ಕಡಿಮೆ ಕಿಟಕಿಯ ಮನೆಗಳ ತೆರಿಗೆಯನ್ನೂ, ಮೋಂಬತ್ತಿ ಸುಂಕದ ಒಂದು ಭಾಗವನ್ನೂ. ಆ ಸಾಲಿನಲ್ಲಿ ಯಾವುದೂ ಶ್ರೀಮಂತರದ್ದಲ್ಲ. ಗಂಡಾಳಿನ ತೆರಿಗೆ ಮಾತ್ರ 1937ರ ತನಕ ಉಳಿಯಿತು.

ಝರಾಯಿಯ ಕಲ್ಲಿನಲ್ಲಿ ಒಬ್ಬ ಗುಲಾಮನ ಹೆಸರೂ ಇಲ್ಲ. ಸ್ಕಾಟ್ಲೆಂಡಿನ ತೆರಿಗೆ ಪಟ್ಟಿಗಳಲ್ಲಿ ಯಜಮಾನನ ಜೊತೆ ಆಳುಗಳ ಹೆಸರೂ ಸಿಗುತ್ತವೆ, ಕೆಲವು ಕಡೆ ಕೆಲಸವೂ. ಹೆಣ್ಣಾಳಿನ ಪಟ್ಟಿಗಳು 1792ಕ್ಕೆ ನಿಲ್ಲುತ್ತವೆ. ಪಾತ್ರೆ ತೊಳೆಯುವ ಕೆಲಸವೇನೂ ಆ ವರ್ಷ ನಿಲ್ಲಲಿಲ್ಲ. ಆ ಹೆಂಗಸರನ್ನು ಮುಂದೆ ಹುಡುಕಬೇಕಾದರೆ ಬೇರೆ ದಾಖಲೆ ತೆರೆಯಬೇಕು.