ದೀರ್ಘಸಮಾಸಗಳ ಅಕ್ಷರವಿಭಾಗ: ತೆಂಗಿನ ಸೀಮೆಯ ಕೆಲವು ಊರಹೆಸರುಗಳು

ಬರೆಹದ ಅಕ್ಷರವೂ ಉಚ್ಚಾರಣೆಯ ಅಕ್ಷರವೂ ಒಂದೇ ಎಂಬ ಭಾವನೆ ಪಾಠಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಇದರ ದೋಷವು ಸಣ್ಣ ಪದಗಳಲ್ಲಿ ಕಾಣದು. ನೀಳವಾದ ಸಮಾಸಗಳಲ್ಲಿ ಬಯಲಾಗುತ್ತದೆ. ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸುತ್ತಣ ಊರಹೆಸರುಗಳು ಇದಕ್ಕೆ ಒಳ್ಳೆಯ ಒರೆಗಲ್ಲು.

ಸುವರ್ಣಮುಖೀ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಪ್ರಸಿದ್ಧವಾದ ಬೋರನಕಣಿವೆಯ ಹೆಸರು ತೊಡಕಿಲ್ಲದ್ದು. ಅಕ್ಷರಗಳು ೬, ಮಾತ್ರೆಗಳು ೭. ‘ಬೋರನ’ ಎಂಬಲ್ಲಿಗೆ ೪ ಮಾತ್ರೆ ಮುಗಿದು ‘ಕಣಿವೆ’ಗೆ ೩ ಉಳಿಯುವುದರಿಂದ ಗಣದ ಗಡಿಯೂ ಪದದ ಗಡಿಯೂ ಒಂದೇ ಆಗಿವೆ. ಇಲ್ಲಿ ಷಷ್ಠೀವಿಭಕ್ತಿ ಲೋಪವಾಗಿಲ್ಲ. ಆದುದರಿಂದಲೇ ‘ಮಳೆಗಾಲ’ದಲ್ಲಿ ಕಾಣುವ ಗಕಾರಾದೇಶವೂ ಬಂದಿಲ್ಲ. ‘ಮಳೆಯ ಕಾಲ’ ಎಂದಾಗ ಕಕಾರ ಉಳಿಯುವಂತೆಯೇ ಇದು. ಉಳಿದ ಆ ಕಕಾರವೇ ಕಿವಿಗೆ ಗಡಿಯನ್ನು ಸೂಚಿಸುತ್ತದೆ. ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಾದರೋ ವಕಾರವು ಬಂದು ಗಡಿ ಕರಗಿದೆ.

ಚಿಕ್ಕನಾಯಕನಹಳ್ಳಿಯ ವಿಷಯ ಬೇರೆ. ಬರೆಹದಲ್ಲಿ ಅಕ್ಷರಗಳು ೮, ಮಾತ್ರೆಗಳು ೧೧. ಪದಾನುಸಾರವಾಗಿ ಬಿಡಿಸಿದರೆ ಚಿಕ್ಕ, ನಾಯಕನ, ಹಳ್ಳಿ ಎಂದು ೩, ೫, ೩ ಆಗುತ್ತದೆ. ಇದನ್ನೇ ಪಂಚಮಾತ್ರಾಗಣಗಳಾಗಿ ಕತ್ತರಿಸಿದರೆ ‘ಚಿಕ್ಕನಾ—ಯಕನಹ—ಳ್ಳಿ’ ಎಂದಾಗಿ ನಾಯಕನು ನಡುವೆ ಸೀಳಿಹೋಗುವನು! ಪ್ರಸ್ತಾರಕ್ಕೆ ಇದು ಸರಿ, ವಾಚನಕ್ಕೆ ಸಲ್ಲದು. ಇವೆರಡನ್ನು ಬೆರೆಸಿ ಓದಿಸುವ ಪದ್ಧತಿಯಿಂದ ವಿದ್ಯಾರ್ಥಿಗೆ ಛಂದಸ್ಸೂ ಅರ್ಥವೂ ಎರಡೂ ದಕ್ಕುವುದಿಲ್ಲ.

ಸ್ಥಳೀಯರು ನುಡಿಯುವುದು ‘ಚಿಕ್ನಾಯ್ಕನಳ್ಳಿ’ ಎಂದು. ಇದನ್ನು ಅಪಭ್ರಂಶವೆಂದು ತಿದ್ದಲು ಹೊರಡುವವರು ಅದರೊಳಗಣ ಕ್ರಮವನ್ನು ಗಮನಿಸಿಲ್ಲ. ಚಿಕ್, ನಾಯ್, ಕ, ನಳ್, ಳಿ ಎಂದು ಕಿವಿಗೆ ಕೇಳುವ ಅಕ್ಷರಗಳು ಐದೇ. ಲೋಪವಾದುದು ಪದಾದಿಯಲ್ಲದ ಲಘುವಿನ ಸ್ವರ ಮಾತ್ರ. ಗುರುವು ಎಲ್ಲಿಯೂ ಅಳಿದಿಲ್ಲ. ಯಕಾರದ ಸ್ವರ ಹೋದ ಮೇಲೆ ಕಕಾರದ ಸ್ವರವೂ ಹೋದರೆ ಮೂರು ವ್ಯಂಜನಗಳು ಒತ್ತೊತ್ತಾಗಿ ನಿಲ್ಲಬೇಕಾದುದರಿಂದ ಅದು ಉಳಿದಿದೆ. ತಿಪಟೂರು ‘ತಿಪ್ಟೂರು’ ಆಗುವುದೂ ಇದೇ ಕ್ರಮದಿಂದ. ಆದರೆ ಹಳ್ಳಿಯ ಹಕಾರ ಬಿದ್ದು, ‘ನಾಯಕನ’ ಎಂಬುದರ ಕೊನೆಯ ನಕಾರವು ‘ಅಳ್ಳಿ’ಯೊಡನೆ ಒಂದೇ ಅಕ್ಷರವಾಗುವುದರಿಂದ ಎರಡನೆಯ ಗಡಿಯನ್ನು ಕಿವಿ ಕಾಣಲಾರದು, ಅದನ್ನು ಅರ್ಥಜ್ಞಾನವೇ ತುಂಬಿಕೊಳ್ಳಬೇಕು.

ಪದಗಳನ್ನು ಹೀಗೆಯೇ ಹೊಸೆದು ಬರೆಯುವ ಡಚ್ ಭಾಷೆಯಲ್ಲಿ ಪಂಕ್ತಿಯ ಕೊನೆಗೆ ಪದವನ್ನು ಮುರಿಯಬೇಕಾದಾಗ ಘಟಕಪದಗಳ ಗಡಿಗೇ ಮೊದಲ ಮನ್ನಣೆ. ಅಲ್ಲಿನ ‘ಕ್ವಾರ್ಟ್‌ಸ್ಲಾಗೆನ್’ ಎಂಬ ಶಬ್ದವನ್ನು ‘ಕ್ವಾರ್ಟ್’ ಎಂಬಲ್ಲಿ ಬಿಡಿಸಿದರೆ ಕಾಲು ಸುತ್ತುಗಳು, ಸಕಾರವನ್ನು ಪೂರ್ವಪದಕ್ಕೆ ಸೇರಿಸಿದರೆ ಬೆಣಚುಕಲ್ಲಿನ ಪದರಗಳು.

ತುರುವೇಕೆರೆಯು ಮೇಲಣ ವಿವೇಚನೆಗೆ ಪೂರ್ಣವಾಗಿ ಒಳಪಡುವುದಿಲ್ಲ. ಅಲ್ಲಿ ಷಷ್ಠೀಪ್ರತ್ಯಯ ಕಾಣದಿದ್ದರೂ ಕೆರೆಯು ‘ಗೆರೆ’ಯಾಗಿಲ್ಲ. ‘ತುರ್ವೇಕೆರೆ’ ಎಂಬ ಆಡುನುಡಿಯಲ್ಲಿ ರುಕಾರದ ಸ್ವರ ಅಳಿದರೂ ಏಕಾರ ನಿಂತಿದೆ. ಅರಸೀಕೆರೆಯಲ್ಲಿಯೂ ಕೆರೆಯ ಹಿಂದೆ ಇರುವುದು ದೀರ್ಘವೇ. ಗಡಿಯನ್ನು ಕಾಯುವ ಕೆಲಸ ಅಲ್ಲಿ ವ್ಯಂಜನದ್ದಲ್ಲ, ಸ್ವರದ್ದು.