ಬೂಟಿನ ಪಟ್ಟಿ ಮತ್ತು ಬರಿಗಾಲು

ಇಂಗ್ಲಿಷಿನಲ್ಲಿ 'ಬೂಟ್‌ಸ್ಟ್ರ್ಯಾಪ್' ಅಂತ ಒಂದು ಪದ. ಉದ್ದ ಬೂಟಿನ ಬಾಯಿಗೆ ಹೊಲಿದ ಪಟ್ಟಿ ಅದು. ಬೆರಳು ತೂರಿಸಿ ಎಳೆದರೆ ಕಾಲು ಬೂಟಿನೊಳಗೆ ಇಳಿಯುತ್ತದೆ. ಕೆಲಸ ಅಷ್ಟೇ. ಆದರೆ ಅಮೆರಿಕದ ಉಳ್ಳವರು ಇಲ್ಲದವರಿಗೆ ಮಾಡುವ ಉಪದೇಶವೆಲ್ಲ ಈ ಪಟ್ಟಿಗೇ ಜೋತುಬಿದ್ದಿದೆ: 'ನಿನ್ನ ಬೂಟಿನ ಪಟ್ಟಿ ಹಿಡಿದು ನಿನ್ನನ್ನು ನೀನೇ ಮೇಲೆತ್ತಿಕೋ.'

ಗೆಳೆಯರೇ, ಈ ಮಾತು ಹುಟ್ಟಿದ್ದು ಉಪದೇಶವಾಗಿ ಅಲ್ಲ, ಗೇಲಿಯಾಗಿ. ನಿಲ್ಲದೆ ತಾನೇ ತಿರುಗುವ ಯಂತ್ರ ಕಂಡುಹಿಡಿದೆ ಎಂದವನೊಬ್ಬನನ್ನು 1834ರಲ್ಲಿ ಅಲ್ಲಿನ ದುಡಿಯುವವರ ಪತ್ರಿಕೆಯೊಂದರ ಬರಹ ಹಂಗಿಸಿತು; ಇನ್ನು ಇವನು ಬೂಟಿನ ಪಟ್ಟಿ ಹಿಡಿದೇ ಹೊಳೆ ದಾಟಿಯಾನು ಎಂದಿತು. 1888ರ ಒಂದು ಭೌತಶಾಸ್ತ್ರದ ಪಠ್ಯ, ಹೀಗೆ ಎತ್ತಿಕೊಳ್ಳಲು ಯಾಕೆ ಆಗೋದಿಲ್ಲ ಎಂದು ಮಕ್ಕಳನ್ನೇ ಕೇಳಿತು. ನಮ್ಮ ಹಳ್ಳಿ ಮೇಷ್ಟ್ರಿಗೆ ಉತ್ತರ ಗೊತ್ತು. ಕೈ ಎಷ್ಟು ಮೇಲಕ್ಕೆಳೆಯುತ್ತದೋ ಪಟ್ಟಿ ಅಷ್ಟೇ ಕೈಯನ್ನು ಕೆಳಕ್ಕೆಳೆಯುತ್ತದೆ. ಮೇಲೇಳಬೇಕಾದರೆ ಕಾಲು ಒದೆಯಲು ನೆಲ ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಗೇಲಿಯೇ ನೀತಿಪಾಠವಾಯಿತು. ಆಗದ ಕೆಲಸ ಆದರ್ಶವಾಯಿತು. ಕಂಪ್ಯೂಟರ್ 'ಬೂಟ್' ಆಗುವುದೂ ಈ ಪದದಿಂದಲೇ ಬಂದದ್ದು. ಅದಕ್ಕೂ ಹೊರಗಿನ ಕರೆಂಟು ಬೇಕು, ಮೊದಲೇ ಯಾರೋ ಬರೆದಿಟ್ಟ ಆದೇಶ ಬೇಕು!

ಒದೆಯುವ ನೆಲ ಯಾರಿಗೆ ಸಿಕ್ಕಿತ್ತು? 1862ರ ಹೋಮ್‌ಸ್ಟೆಡ್ ಕಾಯ್ದೆ ಉಳುವ ಕುಟುಂಬಕ್ಕೆ 160 ಎಕರೆ ಎಂದಿತು. ಅದರ ಬಹುಪಾಲು ಬಿಳಿಯರಿಗೆ ಹೋಯಿತು. ಆ ನೆಲವೂ ಮೂಲನಿವಾಸಿಗಳಿಂದ ಕಿತ್ತದ್ದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನರಿಗೆ 40 ಎಕರೆವರೆಗೆ ಎಂದು 1865ರಲ್ಲಿ ಹೊರಟ ಸೇನೆಯ ಆದೇಶವನ್ನು ಅಧ್ಯಕ್ಷ ಆಂಡ್ರೂ ಜಾನ್ಸನ್ ಅದೇ ವರ್ಷ ರದ್ದು ಮಾಡಿದ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ನೆಲದ ಲೆಕ್ಕವನ್ನೇ ಕೇಳಿದರು. ಬೂಟೇ ಇಲ್ಲದವನಿಗೆ ಪಟ್ಟಿ ಎಳೆದುಕೋ ಎನ್ನುವುದು ಕ್ರೂರ ತಮಾಷೆ ಎಂದರು.

ಈ ತಮಾಷೆ ನಮಗೂ ಹೊಸದಲ್ಲ. ಮೀಸಲಾತಿ ಅಂದ ಕೂಡಲೇ 'ಇನ್ನೂ ಎಷ್ಟು ದಿನ? ನಿಮ್ಮ ಕಾಲ ಮೇಲೆ ನೀವು ನಿಂತ್ಕೊಳ್ಳೋಕಾಗಲ್ವಾ?' ಅಂತಾರಲ್ಲ, ಅದೂ ಇದೇ ಪಟ್ಟಿ. ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟ ನಮ್ಮ ಹಿರಿಯರು ಮೇಲ್ಜಾತಿ ಬೀದಿಯಲ್ಲಿ ಮೆಟ್ಟು ಕೈಲಿ ಹಿಡಿದು ಬರಿಗಾಲಲ್ಲಿ ನಡೆದರು. ಕಾಲೂರಲು ಗೇಣು ನೆಲ ಬಿಡದವರೇ ಇವತ್ತು ಕಾಲ ಮೇಲೆ ನಿಲ್ಲಿ ಅಂತಾರೆ.

ದುಡಿಮೆಗೆ ನಾವು ಹೆದರಿದವರಲ್ಲ. ಅಂಥವರಾಗಿದ್ದರೆ ಈ ದೇಶದ ಕೆರೆ ಕಟ್ಟೆಗಳು ಏಳುತ್ತಿರಲಿಲ್ಲ. ನಮ್ಮ ತಕರಾರು ಸುಳ್ಳು ಲೆಕ್ಕದ ಮೇಲೆ. ಇನ್ನು ಈ ಪದ ಎದುರಾದಾಗ ಅದರ ಹಳೇ ಅರ್ಥವನ್ನೇ ನೆನಪಿಸೋಣ, ನಗೋಣ. ನಕ್ಕು ಸುಮ್ಮನಾಗುವುದು ಬೇಡ. ಕೇಳೋಣ: ನೆಲ ಎಲ್ಲಿದೆ ಸ್ವಾಮಿ?